ಬೂಷ್ಟು ಹಿಡಿದ ಒಳಗೋಡೆಗಳ ಪರಿಷ್ಕರಣ ಮತ್ತು ಮರುಲೇಪನ

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಕಡತ ಓಲೆಗರಿಗಳನ್ನು ಅರಸಿಕೊಂಡು ಹಳೆಯ ಮನೆಗಳಿಗೆ ಹೋಗುವ ನಮ್ಮಂಥವರನ್ನು ಮನೆಯ ಯಜಮಾನರು ಪ್ರಾಯಶಃ ಎಲ್ಲೆಡೆಯೂ ಕೇಳುವ ಪ್ರಶ್ನೆಯೊಂದುಂಟು: “ಬಣ್ಣ ಹೊಡೆಸಿದಷ್ಟೂ ಮಳೆಗಾಲಕ್ಕೆ ಗೋಡೆ ಕಪ್ಪಾಗುತ್ತದೆ, ಅಜ್ಜನ ಕಾಲದಲ್ಲಿ ಹೀಗಿರಲಿಲ್ಲವಂತೆ, ಇದಕ್ಕೇನು ಮಾಡುವುದು, ಮೇಷ್ಟ್ರೇ?” ಇದು ಗಾರೆಯವರನ್ನೋ ರಸಾಯನಶಾಸ್ತ್ರಜ್ಞರನ್ನೋ ಕೇಳತಕ್ಕ ಮಾತೆಂದು ನುಣುಚಿಕೊಳ್ಳಬಹುದು. ಆದರೆ ಅಜ್ಜನ ಕಾಲದಲ್ಲಿ ಇಲ್ಲದ್ದು ಮೊಮ್ಮಗನ ಕಾಲಕ್ಕೆ ಬಂದಿತೆಂದ ಮೇಲೆ, ನಡುವೆ ಬದಲಾದದ್ದು ಏನೆಂಬುದನ್ನು ವಿಚಾರಿಸುವುದು ಚರಿತ್ರೆಯ ವಿದ್ಯಾರ್ಥಿಯ ಕೆಲಸವೇ ಆಗುತ್ತದೆ. ಅಲ್ಲದೆ, ಕಪ್ಪನ್ನು ಕಳೆಯುವ ಆತುರದಲ್ಲಿ ಗೋಡೆಯನ್ನು ಕಲ್ಲು ಕಾಣುವವರೆಗೆ ಕೆರೆದುಬಿಟ್ಟರೆ ಅದರೊಡನೆ ನಮ್ಮ ಆಕರಸಾಮಗ್ರಿಯೂ ಕೆಲಮಟ್ಟಿಗೆ ಕಸದ ಬುಟ್ಟಿ ಸೇರುತ್ತದೆ. ಆದಕಾರಣ ಬೂಷ್ಟು ಹಿಡಿದ ಒಳಗೋಡೆಯನ್ನು ಹೇಗೆ ಪರೀಕ್ಷಿಸಬೇಕು, ಹೇಗೆ ಶುಚಿಮಾಡಬೇಕು, ಅದರ ಮೇಲೆ ಏನನ್ನು ಬಳಿಯಬೇಕು ಎಂಬುದನ್ನು ಈ ಲೇಖನದಲ್ಲಿ ಸ್ವಲ್ಪ ವಿಸ್ತಾರವಾಗಿಯೇ ವಿವರಿಸಲಾಗಿದೆ.

ಬೂಷ್ಟು, ಅಥವಾ ಕೆಲವೆಡೆ ಹೇಳುವಂತೆ ಬೂಸರು, ಶಿಲೀಂಧ್ರವರ್ಗಕ್ಕೆ ಸೇರಿದ ಸೂಕ್ಷ್ಮಜೀವಿ. ಕ್ಲಾಡೋಸ್ಪೋರಿಯಂ, ಆಸ್ಪರ್ಜಿಲಸ್, ಪೆನಿಸಿಲಿಯಂ ಎಂಬ ಕುಲಗಳು ಮನೆಯ ಗೋಡೆಗಳ ಮೇಲೆ ಸಾಮಾನ್ಯ. ಇವುಗಳ ಬೀಜಕಣಗಳು ಗಾಳಿಯಲ್ಲಿ ಸದಾ ತೇಲುತ್ತಿರತಕ್ಕವು. ಅವು ಮನೆಯೊಳಕ್ಕೆ ಬಾರದಂತೆ ತಡೆಯುವುದು ಅಸಾಧ್ಯ. ಬಂದ ಕಣ ಮೊಳೆಯಬೇಕಾದರೆ ಅದಕ್ಕೆ ಆಹಾರವೂ ನೀರೂ ಬೇಕು. ಆಹಾರಕ್ಕೆ ಕೊರತೆಯಿಲ್ಲ; ಅಡಿಗೆಮನೆಯ ಜಿಡ್ಡು, ಧೂಳು, ಬಣ್ಣದಲ್ಲಿ ಕಲೆಸಿದ ಅಂಟು, ಗಂಜಿ, ಯಾವುದಾದರೂ ಆದೀತು. ಉಳಿದದ್ದು ನೀರು. ಗೋಡೆಯ ಮೈಯನ್ನು ತಾಗಿದ ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ ೮೦ನ್ನು ಮೀರಿ ಹಲವು ದಿನ ಹಾಗೆಯೇ ನಿಂತರೆ ಸಾಕು, ಬೂಷ್ಟು ಹುಟ್ಟಲು ಗೋಡೆ ಕಣ್ಣಿಗೆ ಒದ್ದೆಯಾಗಿ ಕಾಣಬೇಕೆಂದೇ ಇಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲ್ಲಿಮೀಟರಿಗೂ ಹೆಚ್ಚು, ಆಗುಂಬೆಯಲ್ಲಿ ಅದರ ಸುಮಾರು ಎರಡರಷ್ಟು ಮಳೆ ಬೀಳುವುದರಿಂದ, ಅಲ್ಲಿಯ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸ್ಥಿತಿ ಅಪರೂಪವೇನೂ ಅಲ್ಲ.

ಗೋಡೆಯ ಮೇಲೆ ಬೆಳ್ಳಗೆ ಹತ್ತಿಯಂತೆ ಕಾಣುವುದೆಲ್ಲ ಬೂಷ್ಟೆಂದು ಭಾವಿಸಬಾರದು. ನೆಲದ ತೇವ ಗೋಡೆಯೊಳಗೆ ಏರಿ, ಮೇಲ್ಮೈಯಲ್ಲಿ ಆರಿಹೋಗುವಾಗ ತನ್ನಲ್ಲಿ ಕರಗಿದ್ದ ಲವಣಗಳನ್ನು ಅಲ್ಲಿಯೇ ಬಿಟ್ಟುಹೋಗುತ್ತದೆ. ಒಂದು ಹನಿ ನೀರಿನಲ್ಲಿ ಕರಗಿದರೆ ಅದು ಉಪ್ಪು. ಕರಗದೆ ಮೆತ್ತಗೆ ಬಳಿದುಕೊಂಡರೆ ಬೂಷ್ಟು. ಎರಡಕ್ಕೂ ಚಿಕಿತ್ಸೆ ಬೇರೆ. ಉಪ್ಪನ್ನು ಒಣಗಿದ ಕುಂಚದಿಂದ ಉದುರಿಸಬೇಕು, ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಒಳಕ್ಕಿಳಿಯುತ್ತದೆ. ಬೂಷ್ಟನ್ನು ಒಣಗಿದ್ದಾಗ ಉಜ್ಜಲೇಬಾರದು, ಏಕೆಂದರೆ ಬೀಜಕಣಗಳು ಮನೆಯೆಲ್ಲ ಹರಡಿಕೊಳ್ಳುತ್ತವೆ.

ಇದು ಕೇವಲ ಅಂದಚಂದದ ವಿಷಯವಲ್ಲವೆಂಬುದು ಈಗ ಸಿದ್ಧವಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ೨೦೦೯ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟುಗಳನ್ನು ಕುರಿತು ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಇಂಥ ಮನೆಗಳ ನಿವಾಸಿಗಳಿಗೆ ಉಬ್ಬಸವೂ ಇತರ ಶ್ವಾಸಸಂಬಂಧವಾದ ತೊಂದರೆಗಳೂ ಹೆಚ್ಚೆಂದು ಹೇಳಿ, ತೇವವನ್ನು ತಡೆಯುವುದೇ ಪ್ರಧಾನ ಪರಿಹಾರವೆಂದು ಸೂಚಿಸಿದೆ. ಬಣ್ಣದ ಚರಿತ್ರೆಯಲ್ಲಿ ಇದಕ್ಕಿಂತ ಭಯಂಕರವಾದ ಅಧ್ಯಾಯವೊಂದುಂಟು. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಗೋಡೆಕಾಗದಗಳಿಗೆ ಪಾಷಾಣ ಬೆರೆತ ಹಸಿರು ಬಣ್ಣವನ್ನು ಧಾರಾಳವಾಗಿ ಬಳಸುತ್ತಿದ್ದರು. ತೇವದ ಕೋಣೆಗಳಲ್ಲಿ ಆ ಕಾಗದದಿಂದ ಬೆಳ್ಳುಳ್ಳಿಯಂಥ ವಾಸನೆ ಏಳುವುದನ್ನು ಗಮನಿಸಿ ಜರ್ಮನಿಯ ರಸಾಯನಶಾಸ್ತ್ರಜ್ಞ ಗ್ಮೆಲಿನ್ ೧೮೩೯ರಲ್ಲಿಯೇ ಎಚ್ಚರಿಕೆ ಕೊಟ್ಟಿದ್ದನು. ಬೂಷ್ಟು ಪಾಷಾಣವನ್ನು ವಿಷಾನಿಲವಾಗಿ ಮಾರ್ಪಡಿಸುತ್ತದೆಂಬುದನ್ನು ಇಟಲಿಯ ಗೋಸಿಯೋ ಎಂಬ ವೈದ್ಯನು ೧೮೯೦ರ ದಶಕದಲ್ಲಿ ಪ್ರಯೋಗಗಳಿಂದ ತೋರಿಸಿಕೊಟ್ಟನು. ನಮ್ಮ ಗೋಡೆಗಳಲ್ಲಿ ಆ ಬಣ್ಣವಿಲ್ಲವೆಂದು ಸಮಾಧಾನಪಡಬಹುದಾದರೂ, ಬಣ್ಣವೂ ಬೂಷ್ಟೂ ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಇನ್ನು ನಮ್ಮ ಗೋಡೆಗಳ ವಿಚಾರ. ‘ಸುಣ್ಣ’ವೆಂಬ ಮಾತು ಸಂಸ್ಕೃತದ ‘ಚೂರ್ಣ’ದ ತದ್ಭವ. ಗಾರೆಗೆ ‘ಸುಧೆ’ಯೆಂದೂ ಹೆಸರಿತ್ತು, ಸುಧೆಯನ್ನು ಬಳಿದ ಮನೆಯೇ ‘ಸೌಧ’. (ಬೆಂಗಳೂರಿನ ವಿಧಾನಸೌಧ ಕಣಶಿಲೆಯ ಕಟ್ಟಡ, ಶಬ್ದಾರ್ಥವನ್ನು ಹಿಡಿದು ಹೊರಟವರು ಅಲ್ಲಿ ಕೊಂಚ ತಬ್ಬಿಬ್ಬಾಗಬೇಕಾದೀತು.) ಒಳನಾಡಿನಲ್ಲಿ ಸುಣ್ಣಕಲ್ಲನ್ನೂ ಕರಾವಳಿಯಲ್ಲಿ ಚಿಪ್ಪನ್ನೂ ಗೂಡಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ಮರಳಿನೊಡನೆ ಎತ್ತಿನ ಗಾಣದಲ್ಲಿ ಅರೆದು, ಬೆಲ್ಲದ ನೀರನ್ನೋ ಅಳಲೆಕಾಯಿಯ ಕಷಾಯವನ್ನೋ ಬೆರೆಸಿ ಗಾರೆ ಸಿದ್ಧಪಡಿಸುತ್ತಿದ್ದರು. ಬಣ್ಣಕ್ಕಿಂತ ಅದರ ಕೆಳಗಿನ ಗೋಡೆಗೆ ಹೆಚ್ಚು ಗಮನ ಕೊಡಬೇಕೆಂಬ ವಿವೇಕ ನಮ್ಮಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಚಿತ್ರಪ್ರಕರಣದಲ್ಲಿ ವರ್ಣಗಳಿಗಿಂತ ಮೊದಲು ಭಿತ್ತಿಯ ಸಂಸ್ಕಾರ ಬರುತ್ತದೆ. ಎಮ್ಮೆಯ ಚರ್ಮವನ್ನು ಬೆಣ್ಣೆಯಂತಾಗುವವರೆಗೆ ಕುದಿಸಿ ಮಾಡಿದ ‘ವಜ್ರಲೇಪ’ವೆಂಬ ಅಂಟನ್ನು ಬಿಳಿಯ ಮಣ್ಣಿನೊಡನೆ ಕಲೆಸಿ ಗೋಡೆಗೆ ಬಳಿಯುವ ವಿಧಾನವನ್ನು ಅಲ್ಲಿ ಕಾಣಬಹುದು. ಬಯಲುಸೀಮೆಯ ಒಣಹವೆಯಲ್ಲಿ ಇದು ಸೊಗಸಾಗಿ ನಿಂತೀತು. ಆಗುಂಬೆಯಲ್ಲಿ ಚರ್ಮದ ಅಂಟು ಬೂಷ್ಟಿಗೆ ಹಬ್ಬದೂಟವಾಗುತ್ತಿತ್ತು.

ಮಳೆಯ ನಾಡಿಗೆ ಹೊಂದಿದ್ದು ಬರಿಯ ಸುಣ್ಣ. ಇದಕ್ಕೆ ಕಾರಣಗಳು ಎರಡು. ಹೊಸದಾಗಿ ಬಳಿದ ಸುಣ್ಣದ ಕ್ಷಾರಗುಣ ಬಹಳ ತೀಕ್ಷ್ಣ, ಪಿಎಚ್ ಮಾನದಲ್ಲಿ ೧೨ಕ್ಕೂ ಮೇಲು. ಅಂಥ ಮೈಯಲ್ಲಿ ಬೂಷ್ಟು ಬೇರೂರದು. ಆದರೆ ಸುಣ್ಣ ಗಾಳಿಯಲ್ಲಿಯ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುತ್ತ ಹೋದಂತೆ ಈ ಕ್ಷಾರಗುಣ ಕುಗ್ಗುತ್ತದೆ. ಪ್ರತಿವರ್ಷವೂ ಹೊಸ ಸುಣ್ಣ ಬಳಿಯುವ ವಾಡಿಕೆ ಈ ಕ್ಷಾರಗುಣವನ್ನು ಮತ್ತೆ ಮತ್ತೆ ಹೊಸದು ಮಾಡುತ್ತಿತ್ತು. ಎರಡನೆಯದಾಗಿ, ಸುಣ್ಣದ ಲೇಪ ರಂಧ್ರಮಯವಾದದ್ದು. ಗೋಡೆಯೊಳಗೆ ಸೇರಿದ ನೀರು ಆವಿಯಾಗಿ ಅದರ ಮೂಲಕ ಹೊರಬರಬಲ್ಲದು. ಜಂಬಿಟ್ಟಿಗೆಯ ಗೋಡೆಗಳಿಗೆ ಇದು ಪ್ರಾಣಸಮಾನ. ಜಂಬಿಟ್ಟಿಗೆ ಮಳೆಯಲ್ಲಿ ನೀರು ಕುಡಿಯುತ್ತದೆ, ಬಿಸಿಲಿನಲ್ಲಿ ಬಿಡುತ್ತದೆ. ಬಿಡಲು ಆಸ್ಪದವಿರಬೇಕು, ಅಷ್ಟೆ.

ಆ ಆಸ್ಪದ ಹೋದದ್ದು ಹೇಗೆ? ಮೊದಲನೆಯ ಬದಲಾವಣೆ ಒಲೆಯದು. ಸೌದೆಯ ಒಲೆ ದಿನವಿಡೀ ಉರಿಯುತ್ತಿದ್ದಾಗ ಅಡಿಗೆಮನೆಯ ಗೋಡೆಗಳೂ ಅಟ್ಟವೂ ಬೆಚ್ಚಗಿದ್ದುವು; ಹೊಗೆಯೂ ಆವಿಯೂ ಹೆಂಚಿನ ಸಂದುಗಳಿಂದ ಹೊರಹೋಗುತ್ತಿದ್ದುವು. (ಆ ಹೊಗೆ ಹೆಂಗಸರ ಕಣ್ಣುಗಳಿಗೂ ಶ್ವಾಸಕೋಶಗಳಿಗೂ ಮಾಡಿದ ಹಾನಿಯನ್ನು ಮರೆತು ಯಾರೂ ಹಳೆಯ ಒಲೆಯನ್ನು ಹೊಗಳಬಾರದು.) ಈಗ ಅನಿಲದ ಒಲೆ ಬಂದಿದೆ. ಒಂದು ಕಿಲೋಗ್ರಾಂ ಅನಿಲ ಉರಿದರೆ ಒಂದೂವರೆ ಕಿಲೋಗ್ರಾಮಿಗೂ ಹೆಚ್ಚು ನೀರು ಆವಿರೂಪದಲ್ಲಿ ಹುಟ್ಟುತ್ತದೆ. ಅದು ಹೊರಹೋಗಲು ದಾರಿಯಿಲ್ಲ. ಎರಡನೆಯದು ಸೂರಿನದು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ೧೮೬೫ರಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹರಡಿದ ಹೆಂಚು ಗಾಳಿಯಾಡಲು ಬಿಡುತ್ತಿತ್ತು. ಅದರ ಕೆಳಗೆ ಈಗ ಭದ್ರವಾದ ಒಳಮಾಡು ಬಡಿಯುತ್ತಾರೆ, ಇಲ್ಲವೆ ತಾರಸಿ ಹಾಕುತ್ತಾರೆ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಗೋಡೆಯ ಮೈಯದು. ಸುಣ್ಣದ ಗಾರೆಯ ಮೇಲೆ ಸಿಮೆಂಟಿನ ಗಿಲಾವು, ಅದರ ಮೇಲೆ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಇಮಲ್ಷನ್. ಗೋಡೆ ಕುಡಿದ ನೀರು ಈಗ ಒಳಗೇ ಸಿಕ್ಕಿಬೀಳುತ್ತದೆ. ಬಣ್ಣದ ಪೊರೆ ಗುಳ್ಳೆಯೆದ್ದು, ಒಡೆದು, ಅದರ ಅಂಚಿನಲ್ಲಿ ಬೂಷ್ಟು ಮೂಡುತ್ತದೆ. ಯಜಮಾನರು ಬಣ್ಣ ಕಳಪೆಯೆಂದು ತಿಳಿದು ಇನ್ನೂ ದುಬಾರಿಯಾದ, ಇನ್ನೂ ಗಟ್ಟಿಯಾದ ಪೊರೆಯ ಬಣ್ಣವನ್ನು ತರುತ್ತಾರೆ. ಗೋಡೆಯ ಮೇಲೆ ಅನ್ಯಪದಾರ್ಥದ ಪೊರೆ ಎಳೆಯುವುದರ ಅಪಾಯಕ್ಕೆ ಅಜಂತೆಯೇ ಸಾಕ್ಷಿ. ೧೯೨೦ರ ಸುಮಾರಿಗೆ ನಿಜಾಮ ಸರಕಾರ ಕರೆಸಿದ್ದ ಇಟಲಿಯ ತಜ್ಞರು ಚಿತ್ರಗಳ ರಕ್ಷಣೆಗೆಂದೇ ಬಳಿದ ಅರಗಿನ ವಾರ್ನಿಷು ಕ್ರಮೇಣ ಹಳದಿಗಟ್ಟಿ ಬಿರುಕುಬಿಟ್ಟಿತು. ಅದನ್ನು ತೆಗೆಯುವುದು ಮುಂದಿನ ತಲೆಮಾರುಗಳ ಪುರಾತತ್ತ್ವ ಇಲಾಖೆಯವರಿಗೆ ದೊಡ್ಡ ಶ್ರಮವಾಯಿತು.

ಆದ್ದರಿಂದ ಕುಂಚವನ್ನು ಕೈಗೆತ್ತಿಕೊಳ್ಳುವ ಮೊದಲು ನೀರು ಎಲ್ಲಿಂದ ಬರುತ್ತಿದೆಯೆಂಬುದನ್ನು ಕಂಡುಹಿಡಿಯತಕ್ಕದ್ದು. ಒಂದು ಸುಲಭವಾದ ಪರೀಕ್ಷೆಯಿದೆ. ಒಂದು ಮೊಳ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿಹಿಡಿದು ನಾಲ್ಕೂ ಅಂಚುಗಳಿಗೆ ಅಂಟುಪಟ್ಟಿ ಹಚ್ಚಿ, ಒಂದೆರಡು ದಿನ ಬಿಡಬೇಕು. ಹಾಳೆಯ ಹಿಂಬದಿಯಲ್ಲಿ, ಅಂದರೆ ಗೋಡೆಯ ಕಡೆಗೆ, ನೀರು ಬೆವರಿದ್ದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ. ಕೋಣೆಯ ಕಡೆಯ ಮೈ ಬೆವರಿದ್ದರೆ ಅದು ಕೋಣೆಯ ಗಾಳಿಯದು. ಒಂದು ಘನಮೀಟರ್ ಗಾಳಿ ೩೦ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಮಾರು ೩೦ ಗ್ರಾಂ ನೀರಾವಿಯನ್ನು ಹಿಡಿದಿರಬಲ್ಲದು, ೨೦ ಡಿಗ್ರಿಯಲ್ಲಿ ೧೭ ಗ್ರಾಮಿನಷ್ಟನ್ನು ಮಾತ್ರ. ಹೆಚ್ಚಿನದು ತಣ್ಣನೆಯ ಗೋಡೆಯ ಮೇಲೆ ಇಳಿಯಲೇಬೇಕು. ಮೂಲೆಗಳಲ್ಲಿಯೂ ಕಪಾಟುಗಳ ಹಿಂದೆಯೂ ಬೂಷ್ಟು ಮೊದಲು ಕಾಣುವುದು ಇದರಿಂದಲೇ. ನೆಲದಿಂದ ಎರಡು ಮೂರು ಅಡಿಯವರೆಗೆ ಪಟ್ಟೆಯಂತೆ ಕಲೆಯಿದ್ದರೆ ಬುಡದ ತೇವ. ಮನೆಯ ಹೊರಗೆ ಅಂಗಳದ ಮಣ್ಣು ಏರಿ ಅಡಿಪಾಯದ ಕಟ್ಟೆಯನ್ನು ಮುಚ್ಚಿದೆಯೇ ನೋಡಬೇಕು. ಮೇಲಿನಿಂದ ನಾಲಗೆಯಂತೆ ಇಳಿದಿದ್ದರೆ ಹೆಂಚು, ದೋಣಿ, ಕೊಳಾಯಿಗಳನ್ನು ಪರೀಕ್ಷಿಸಬೇಕು. ಅಂಗಳದ ಮಣ್ಣನ್ನು ಒಂದು ಗೇಣು ಕೆಳಗಿಳಿಸಿದರೆ ಅದರ ಫಲ ಮೂರು ಡಬ್ಬಿ ಬಣ್ಣಕ್ಕಿಂತ ಹೆಚ್ಚು.

ದುರಸ್ತಿಯಾದ ಮೇಲೆ ಗೋಡೆ ಒಣಗಬೇಕು. ದಪ್ಪ ಗೋಡೆಗೆ ಇದು ವಾರಗಳ ಮಾತಲ್ಲ, ತಿಂಗಳುಗಳ ಮಾತು. ಮಳೆ ಕಳೆದ ಮೇಲೆ ದೀಪಾವಳಿಗೋ ಅಥವಾ ಇನ್ನೂ ಮುಂದೆ ಯುಗಾದಿಗೋ ಸುಣ್ಣ ಬಳಿಯುತ್ತಿದ್ದ ಹಿರಿಯರ ಪದ್ಧತಿ ಹಬ್ಬದ ಸಡಗರಕ್ಕಾಗಿ ಹುಟ್ಟಿದ್ದಿರಬಹುದು. ಆದರೂ ಗೋಡೆಯ ದೃಷ್ಟಿಯಿಂದ ಅದಕ್ಕಿಂತ ಒಳ್ಳೆಯ ಪಂಚಾಂಗವಿಲ್ಲ. ಶ್ರಾವಣದಲ್ಲಿ ಮದುವೆಮನೆಗೆಂದು ಅವಸರದಿಂದ ಬಳಿಸಿದ ಬಣ್ಣ ಕಾರ್ತಿಕದವರೆಗೆ ನಿಲ್ಲುವುದಿಲ್ಲ.

ಶುಚಿಮಾಡುವ ಕ್ರಮ ಸರಳ. ಬೂಷ್ಟಿನ ವಿಸ್ತಾರ ಸುಮಾರು ಹತ್ತು ಚದರಡಿಗಿಂತ ಕಡಿಮೆಯಿದ್ದರೆ ಮನೆಯವರೇ ಮಾಡಿಕೊಳ್ಳಬಹುದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸೂಚನೆಯಿದೆ. ಅದಕ್ಕೆ ಮೀರಿದರೆ ಬಲ್ಲವರನ್ನು ಕರೆಯುವುದು ಮೇಲು. ಉಬ್ಬಸವಿರುವವರೂ ಮಕ್ಕಳೂ ಆ ಕೋಣೆಯಲ್ಲಿರಬಾರದು. ಕಿಟಕಿಗಳನ್ನು ತೆರೆದು, ಒಳಮನೆಯ ಬಾಗಿಲನ್ನು ಮುಚ್ಚಿ, ಮೂಗು ಬಾಯಿಗಳಿಗೆ ಒಳ್ಳೆಯ ಮುಖಗವಸನ್ನೂ ಕೈಗಳಿಗೆ ರಬ್ಬರ್ ಕೈಚೀಲವನ್ನೂ ಹಾಕಿಕೊಂಡು, ಗೋಡೆಯನ್ನು ಮೊದಲು ಹದವಾಗಿ ನೆನೆಸಿ, ಸಾಬೂನಿನ ನೀರಿನಿಂದ ಒರಸತಕ್ಕದ್ದು. ಒರಸಿದ ಬಟ್ಟೆಯನ್ನು ಮತ್ತೆ ಬಳಸಬಾರದು. ಸಿಮೆಂಟು ಅಥವಾ ಎಣ್ಣೆಬಣ್ಣದ ಮೈಯಾಗಿದ್ದರೆ ಆಮೇಲೆ ಬ್ಲೀಚಿಂಗ್ ದ್ರವವನ್ನು ನೀರಿನಲ್ಲಿ ತೆಳುಮಾಡಿ ಬಳಿದು, ಸ್ವಲ್ಪ ಹೊತ್ತಿನ ಮೇಲೆ ತೊಳೆಯಬಹುದು. ಅದನ್ನು ಆಮ್ಲದೊಡನೆಯಾಗಲಿ ಅಮೋನಿಯ ಇರುವ ಪದಾರ್ಥದೊಡನೆಯಾಗಲಿ ಎಂದೂ ಬೆರೆಸಕೂಡದು. ಹುಟ್ಟುವ ಅನಿಲ ಪ್ರಾಣಾಪಾಯಕರ. ಬ್ಲೀಚು ಬಣ್ಣವನ್ನು ಬಿಳುಪಾಗಿಸುತ್ತದಾದರೂ ರಂಧ್ರಗಳ ಒಳಗಿನ ಬೇರನ್ನು ಪೂರ್ತಿಯಾಗಿ ಕೊಲ್ಲಲಾರದು. ಅದರ ಮೇಲೆ ಅತಿಯಾದ ವಿಶ್ವಾಸ ಬೇಡ. ಸತ್ತ ಬೂಷ್ಟೂ ಉಬ್ಬಸ ತರಬಲ್ಲದಾದ್ದರಿಂದ ಅದನ್ನು ಒರಸಿ ತೆಗೆಯಲೇಬೇಕು.

ಇಲ್ಲಿ ಕೆರೆಯುವ ಪ್ರಶ್ನೆ ಬರುತ್ತದೆ. ಸಾಗರದ ಕಡೆಯ ಒಂದು ಮನೆಯಲ್ಲಿ ನಾವು ಹೋಗುವ ಹೊತ್ತಿಗೆ ಕೂಲಿಯವರು ನಡುಮನೆಯ ಗೋಡೆಯನ್ನು ಅರ್ಧ ಕೆರೆದಿದ್ದರು. ಉಳಿದರ್ಧದ ಒಡೆದ ಅಂಚಿನಲ್ಲಿ ಪದರಗಳು ಪುಸ್ತಕದ ಹಾಳೆಗಳಂತೆ ಕಾಣುತ್ತಿದ್ದುವು: ಮೇಲೆ ಹಳದಿ ಇಮಲ್ಷನ್, ಅದರ ಕೆಳಗೆ ಹಸಿರು ಡಿಸ್ಟೆಂಪರ್, ಬಳಿಕ ನೀಲಿ ಬೆರಸಿದ ಸುಣ್ಣ, ಅನಂತರ ಹತ್ತಾರು ಪದರ ಬಿಳಿಯ ಸುಣ್ಣ, ಎಲ್ಲಕ್ಕೂ ಕೆಳಗೆ ಕೆಮ್ಮಣ್ಣು. ಬಿಳಿಯ ಪದರಗಳ ನಡುವೆ ಒಂದೆಡೆ ಕಾವಿಯಲ್ಲಿ ಬರೆದ ಅಡಕೆಯ ಲೆಕ್ಕದ ಗೀಟುಗಳಿದ್ದುವು, ಐದೈದರ ಕಟ್ಟುಗಳಾಗಿ. ಯಾವ ವರ್ಷದ್ದು, ಯಾರ ಕೈಯದು ಎಂಬುದನ್ನು ಹೇಳಬಹುದಾಗಿದ್ದ ಮೇಲಿನ ಸಾಲು ಬುಟ್ಟಿಯಲ್ಲಿ ಪುಡಿಯಾಗಿತ್ತು. ಕಡತದಲ್ಲಿ ಇಂಥದೇ ಲೆಕ್ಕ ಸಿಕ್ಕರೆ ನಾವು ಅದನ್ನು ಜೋಪಾನವಾಗಿ ಬಿಡಿಸಿ ನಕಲು ಮಾಡುತ್ತೇವೆ. ಗೋಡೆಯದನ್ನು ಕರಣೆಗೆ ಒಪ್ಪಿಸುತ್ತೇವೆ. ಶಿವಮೊಗ್ಗ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ದೀವರ ಮನೆಗಳ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವೂ ಹೀಗೆಯೇ ಸುಣ್ಣದ ಕೆಳಗೆ ಉಳಿದಿರುವ ಸಂಭವವುಂಟು.

ಸುಣ್ಣ ಮುಚ್ಚುತ್ತದೆ, ಕೆರೆತ ಅಳಿಸುತ್ತದೆ, ಇವೆರಡಕ್ಕೂ ಅಜಗಜಾಂತರ. ಶ್ರೀರಂಗಪಟ್ಟಣದಲ್ಲಿ ೧೭೮೪ರಲ್ಲಿ ಕಟ್ಟಿದ ದರಿಯಾ ದೌಲತಿನ ಚಿತ್ರಗಳು ಕೆಡುವುದು, ವೆಲ್ಲೆಸ್ಲಿಯ ಕಾಲದಲ್ಲಿ ದುರಸ್ತಾಗುವುದು, ಮತ್ತೆ ಸುಣ್ಣದಡಿಯಲ್ಲಿ ಮರೆಯಾಗುವುದು, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಡಾಲ್‌ಹೌಸಿಯ ಆಜ್ಞೆಯಂತೆ, ಮೂಲವನ್ನು ನೆನಪಿಟ್ಟಿದ್ದ ಚಿತ್ರಗಾರನೊಬ್ಬನಿಂದ ಪುನಃ ಬರೆಯಲ್ಪಡುವುದು, ಇವೆಲ್ಲ ಚರಿತ್ರೆಯಲ್ಲಿ ದಾಖಲಾಗಿವೆ. ಅರಮನೆಯ ಚಿತ್ರಕ್ಕೆ ನೆನಪಿಟ್ಟವನೊಬ್ಬನು ಸಿಕ್ಕಿದನು. ನಡುಮನೆಯ ಲೆಕ್ಕಕ್ಕೆ ಯಾರು ಸಿಗುತ್ತಾರೆ?

ಆದಕಾರಣ ಕೆರೆಯುವ ಮುನ್ನ ಒಂದು ರಾತ್ರಿ ಕೋಣೆಯನ್ನು ಕತ್ತಲೆಮಾಡಿ, ದೀಪವನ್ನು ಗೋಡೆಗೆ ತಾಗುವಂತೆ ಪಕ್ಕದಲ್ಲಿ ಹಿಡಿದು ಓರೆಬೆಳಕಿನಲ್ಲಿ ನೋಡಬೇಕು. ಸುಣ್ಣದಡಿಯ ಗೀರು, ಉಬ್ಬು, ಅಕ್ಷರಗಳ ನೆರಳು ಆಗ ಕಾಣುತ್ತದೆ. ಬಳಿಕ ಎದೆಮಟ್ಟದಲ್ಲಿ, ಬೂಷ್ಟಿಲ್ಲದೆಡೆ, ಅಂಗೈಯಗಲದ ಜಾಗವನ್ನು ಸಣ್ಣ ಚಾಕುವಿನಿಂದ ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ, ಪದರಗಳ ಬಣ್ಣವನ್ನು ಬರೆದುಕೊಂಡು, ಅಳತೆಪಟ್ಟಿಯನ್ನಿಟ್ಟು ಛಾಯಾಚಿತ್ರ ತೆಗೆಯಬೇಕು. ಅರ್ಧ ದಿನದ ಕೆಲಸ. ಏನೂ ಇಲ್ಲದಿದ್ದರೆ ನಿಶ್ಚಿಂತೆಯಿಂದ ಮುಂದುವರಿಯಬಹುದು. ಏನಾದರೂ ಇದ್ದರೆ ಅಷ್ಟು ಭಾಗವನ್ನು ಬಿಟ್ಟು ಉಳಿದದ್ದನ್ನು ಪರಿಷ್ಕರಿಸಬೇಕು. ಸಡಿಲವಾದದ್ದನ್ನು ಮಾತ್ರ ತೆಗೆಯತಕ್ಕದ್ದು. ಗಟ್ಟಿಯಾಗಿ ಹಿಡಿದಿರುವ ಸುಣ್ಣದ ಪದರವನ್ನು ಕೆರೆಯುವುದರಿಂದ ಯಾವ ಲಾಭವೂ ಇಲ್ಲ. ಪ್ಲಾಸ್ಟಿಕ್ ಪೊರೆಯ ಮಾತು ಬೇರೆ. ಅದನ್ನು ನೆನೆಸಿ, ಅಂಚು ಹಿಡಿದು ಸುಲಿಯಬೇಕು, ಏಕೆಂದರೆ ಅದರ ಮೇಲೆ ಸುಣ್ಣ ನಿಲ್ಲುವುದಿಲ್ಲ. ಹಳೆಯ ಎಣ್ಣೆಬಣ್ಣವನ್ನು ಮರಳುಕಾಗದದಿಂದ ಒಣದಾಗಿ ಉಜ್ಜುವುದು ಸಲ್ಲದು. ಭಾರತದಲ್ಲಿ ಮನೆಬಣ್ಣಗಳ ಸೀಸಕ್ಕೆ ಹತ್ತು ಲಕ್ಷಕ್ಕೆ ೯೦ ಭಾಗಗಳ ಮಿತಿಯನ್ನು ೨೦೧೬ರ ನಿಯಮಗಳು ವಿಧಿಸಿ, ಅವು ೨೦೧೭ರಲ್ಲಿ ಜಾರಿಗೆ ಬಂದುವು; ಅದಕ್ಕೆ ಹಿಂದಿನ ಬಣ್ಣದ ಧೂಳಿನಲ್ಲಿ ಸೀಸವಿರಬಹುದು.

ಬಿದ್ದುಹೋದ ಗಾರೆಯನ್ನು ಗಾರೆಯಿಂದಲೇ ತುಂಬಬೇಕು, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಸಿಮೆಂಟಿನ ತೇಪೆ ಹಾಕಿದರೆ ತೇವ ಅದರ ಸುತ್ತ ಹೊಸ ದಾರಿ ಹುಡುಕುತ್ತದೆ. ಬಳಿಯುವ ಸುಣ್ಣವನ್ನು ಚೆನ್ನಾಗಿ ಅರಳಿಸಿ, ಕೆಲವು ದಿನ ನೀರಿನಲ್ಲಿ ನೆನೆಯಬಿಟ್ಟು, ಬಟ್ಟೆಯಲ್ಲಿ ಸೋಸಿ ಹಾಲಿನಂತೆ ತೆಳ್ಳಗೆ ಮಾಡಿಕೊಳ್ಳತಕ್ಕದ್ದು. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು, ಎಚ್ಚರವಿರಬೇಕು. ಗೋಡೆಯನ್ನು ನೀರಿನಿಂದ ತೇವಗೊಳಿಸಿ, ನಾರಿನ ಕುಂಚದಿಂದ ತೆಳ್ಳಗೆ ಮೂರು ನಾಲ್ಕು ಸಲ, ಒಂದು ಲೇಪಕ್ಕೂ ಇನ್ನೊಂದಕ್ಕೂ ಒಂದು ದಿನದ ಅಂತರವಿಟ್ಟು ಬಳಿಯಬೇಕು. ಬಳಿಯುವಾಗ ಏನೂ ಕಾಣದು. ಆರಿದ ಮೇಲೆ ಬೆಳ್ಳಗಾಗುತ್ತದೆ. ಕಾಣಲಿಲ್ಲವೆಂದು ದಪ್ಪಗೆ ಬಳಿದವರ ಗೋಡೆ ಪುಡಿಪುಡಿಯಾಗಿ ಉದುರುತ್ತದೆ. ಅಂಟಿಗಾಗಿ ಗಂಜಿಯನ್ನು ಸೇರಿಸುವ ರೂಢಿಯನ್ನು ತೇವದ ಕೋಣೆಗಳಲ್ಲಿ ಕೈಬಿಡಬೇಕು, ಅದು ಬೂಷ್ಟಿನ ಆಹಾರ. ಅದಕ್ಕೆ ಬದಲು ಚಿಟಿಕೆ ಮೈಲುತುತ್ತವನ್ನು ಬೆರೆಸಿದರೆ ಗೋಡೆಗೆ ತಿಳಿಯಾದ ಹಸಿರುನೀಲಿಯ ಛಾಯೆ ಬರುತ್ತದೆ, ತಾಮ್ರದ ಲವಣ ಬೂಷ್ಟನ್ನು ತಡೆಯುತ್ತದೆ. ಅಡಕೆಯ ತೋಟದವರಿಗೆ ಇದು ಹೊಸದಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ೧೯೧೦ರ ಸುಮಾರಿನಲ್ಲಿ ಕೊಳೆರೋಗವನ್ನು ಅಭ್ಯಸಿಸಿ ಪ್ರಚಾರಕ್ಕೆ ತಂದ ಬೋರ್ಡೋ ದ್ರಾವಣವೂ ತುತ್ತ ಮತ್ತು ಸುಣ್ಣಗಳ ಮಿಶ್ರಣವೇ. ತುತ್ತ ವಿಷವಸ್ತು, ಮಕ್ಕಳ ಕೈಗೆ ಸಿಗದಂತಿಡಬೇಕು.

ಪಟ್ಟಣದ ಸಿಮೆಂಟಿನ ಮನೆಗಳಲ್ಲಿ ಸುಣ್ಣಕ್ಕೆ ಹಿಂದಿರುಗುವುದು ಎಲ್ಲರಿಗೂ ಸಾಧ್ಯವಾಗದು. ಅಲ್ಲಿ ಶುಚಿಮಾಡಿ ಪೂರ್ತಿ ಒಣಗಿಸಿದ ಮೇಲೆ ಶಿಲೀಂಧ್ರನಾಶಕ ಬೆರೆತ ಪ್ರೈಮರ್, ಅದರ ಮೇಲೆ ಅಂಥದೇ ಇಮಲ್ಷನ್ ಬಳಿಯಬಹುದು. ಔಷಧದ ಗುಣ ಕೆಲವು ವರ್ಷಗಳಲ್ಲಿ ಕುಗ್ಗುತ್ತದೆ. ಖರ್ಚಿಗೆ ಹಿಂಜರಿಯದವರಿಗೆ ಸಿಲಿಕೇಟ್ ಬಣ್ಣವುಂಟು. ಜರ್ಮನಿಯ ಕೈಮ್ ಎಂಬಾತನು ೧೮೭೮ರಲ್ಲಿ ಹಕ್ಕುಪತ್ರ ಪಡೆದ ಈ ಬಣ್ಣ ಗೋಡೆಯೊಡನೆ ಬೆಸೆದುಕೊಳ್ಳುತ್ತದೆ, ಆವಿಯನ್ನು ತಡೆಯುವುದಿಲ್ಲ. ಬೂಷ್ಟಿನ ಮೇಲೆಯೇ ಬಣ್ಣ ಬಳಿಯುವುದನ್ನು ಮಾತ್ರ ಎಲ್ಲಿಯೂ ಮಾಡಕೂಡದು.

ಬಳಿದಾದ ಮೇಲೆ ಕಪಾಟು ಪೆಟ್ಟಿಗೆಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿಡಬೇಕು; ಅಡಿಗೆಮನೆ ಬಚ್ಚಲುಮನೆಗಳ ಆವಿ ಹೊರಹೋಗಲು ಮೇಲ್ಗಡೆ ಗವಾಕ್ಷಿಯನ್ನೋ ಬೀಸಣಿಗೆಯನ್ನೋ ಇಡಬೇಕು; ಒದ್ದೆ ಬಟ್ಟೆಗಳನ್ನು ಆ ಕೋಣೆಯಲ್ಲಿ ಹರವಬಾರದು. ಮೊದಲ ಮಳೆಗಾಲದ ಆಷಾಢ ಶ್ರಾವಣಗಳಲ್ಲಿ ವಾರಕ್ಕೊಮ್ಮೆ ಮೂಲೆಗಳನ್ನು ನೋಡುತ್ತಿದ್ದು, ಕಪ್ಪು ಚುಕ್ಕೆ ಮೂಡಿದೊಡನೆ ಒರಸಿ, ಅದು ಮೂಡಿದ ಸ್ಥಳವನ್ನೂ ದಿನಾಂಕವನ್ನೂ ಗುರುತು ಹಾಕಿಕೊಂಡರೆ, ನೀರಿನ ದಾರಿ ಯಾವುದೆಂಬುದು ಮುಂದಿನ ದೀಪಾವಳಿಯ ಹೊತ್ತಿಗೆ ಗಾರೆಯವರಿಗೆ ತೋರಿಸಬಹುದಾದಷ್ಟು ಸ್ಪಷ್ಟವಾಗಿರುತ್ತದೆ.